ಹಪ್ಪಳ, ಚಟ್ನಿಪುಡಿ ಮಾರುವ ವೆಬ್‌ಸೈಟ್ ಕಟ್ಟಲು ವಿಕ್ಸ್, ಶಾಪಿಫೈ, ವರ್ಡ್‌ಪ್ರೆಸ್: ಯಾವುದು ಸರಿ?

ಐಟಂ ಹತ್ತು-ಹದಿನೈದು ಇದ್ದು, ಆರ್ಡರ್ ವಾಟ್ಸಾಪ್‌ನಲ್ಲೇ ಬರುತ್ತಿದ್ದರೆ ಸೈಟ್‌ನಲ್ಲೇ ಐಟಂ ಆರಿಸಿ ಆರ್ಡರ್ ಮಾಡುವ ಕಾರ್ಟ್ ಬೇಡವೇ ಬೇಡ. ಫೋಟೊ, ದರಪಟ್ಟಿ, ವಾಟ್ಸಾಪ್ ಬಟನ್ ಇರುವ ಒಂದೇ ಪುಟ ಸಾಕು. ವಿಕ್ಸ್‌ನಲ್ಲಿ ಒಂದು ಸಂಜೆಯ ಕೆಲಸ. ಆದರೆ ಆ ಸೈಟನ್ನು ಇದ್ದ ಹಾಗೇ ಬೇರೆ ಹೋಸ್ಟಿಂಗ್‌ಗೆ (ಸೈಟ್ ಇಡುವ ಬಾಡಿಗೆ ಜಾಗಕ್ಕೆ) ಒಯ್ಯಲು ಬರುವುದಿಲ್ಲ.

ಸೈಟ್‌ನಲ್ಲೇ ದುಡ್ಡು ಕಟ್ಟಿಸಿಕೊಳ್ಳಬೇಕೆಂದರೆ ಶಾಪಿಫೈ, ಇಲ್ಲವೇ ವರ್ಡ್‌ಪ್ರೆಸ್ ಜತೆ ವೂಕಾಮರ್ಸ್ (ಅದಕ್ಕೆ ಅಂಗಡಿ ಸೇರಿಸುವ ಪ್ಲಗಿನ್, ಅಂದರೆ ಜೋಡಿಸಿಕೊಳ್ಳುವ ಸಾಫ್ಟ್‌ವೇರ್). ಶಾಪಿಫೈಯ ಸ್ವಂತ ಪೇಮೆಂಟ್ ಸೇವೆ ಭಾರತದಲ್ಲಿಲ್ಲ. ರೇಜರ್‌ಪೇಯಂಥ ಗೇಟ್‌ವೇ (ಗ್ರಾಹಕರು ಆನ್‌ಲೈನ್‌ನಲ್ಲಿ ಕಟ್ಟಿದ ದುಡ್ಡು ನಿಮಗೆ ತಲುಪಿಸುವ ಸೇವೆ) ಜೋಡಿಸಬೇಕು. ಆಗ ಗೇಟ್‌ವೇ ಶುಲ್ಕ ಮತ್ತು ತಿಂಗಳ ಬಾಡಿಗೆಯ ಜತೆಗೆ ಬೇಸಿಕ್ ಪ್ಲಾನಿನಲ್ಲಿ ಶಾಪಿಫೈಯೂ 2% ಹಿಡಿಯುತ್ತದೆ: 400 ರೂಪಾಯಿ ಆರ್ಡರಿಗೆ 8 ರೂಪಾಯಿ. ಹಪ್ಪಳದ ಲಾಭದಲ್ಲಿ ಅದು ಸಣ್ಣದಲ್ಲ. ವೂಕಾಮರ್ಸ್‌ನಲ್ಲಿ ಈ ಕಡಿತವಿಲ್ಲ, ಆದರೆ ಅಪ್‌ಡೇಟ್, ಬ್ಯಾಕಪ್ ಎಲ್ಲ ನಿಮ್ಮ ತಲೆಮೇಲೆ. ಹಳೆಯ ಪ್ಲಗಿನ್ ಹಾಗೇ ಬಿಟ್ಟ ಸೈಟುಗಳೇ ಹೆಚ್ಚಾಗಿ ಹ್ಯಾಕ್ ಆಗುವುದು.

ಗೇಟ್‌ವೇಗೆ ಅರ್ಜಿ ಹಾಕುವ ಮೊದಲೇ ರೀಫಂಡ್, ಡೆಲಿವರಿ, ಪ್ರೈವಸಿ, ಸಂಪರ್ಕದ ಪುಟಗಳನ್ನು ಹಾಕಿಡಿ. ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಯಾವುದನ್ನೇ ಆರಿಸಿ, ಡೊಮೇನ್ (ಸೈಟ್‌ನ ವಿಳಾಸ) ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಲ್ಲೇ ಇರಲಿ. ಡಿಸೈನರ್ ಖಾತೆಯಲ್ಲಿದ್ದರೆ, ಅವರು ಫೋನ್ ಎತ್ತದ ದಿನ ಅಂಗಡಿಯ ವಿಳಾಸವೇ ಕೈತಪ್ಪುತ್ತದೆ. ಕೊಳ್ಳುವಾಗ ಮೊದಲ ವರ್ಷದ ಆಫರ್ ಬಿಟ್ಟು ರಿನ್ಯೂವಲ್ ದರ ನೋಡಿ.