ಅಪ್ಪ-ಅಮ್ಮನ ಜೊತೆಗಾದರೆ ನೀಲ್ ದ್ವೀಪವೇ ಸರಿ

ಡಿಸೆಂಬರ್‌ನಲ್ಲಿ ವಯಸ್ಸಾದ ಅಪ್ಪ-ಅಮ್ಮನ ಜೊತೆ ಅಂಡಮಾನ್‌ಗೆ ಹೋಗುತ್ತಿದ್ದೀರಿ, ನೀಲ್ ದ್ವೀಪಕ್ಕೆ ಮೂರು ದಿನ ಜಾಸ್ತಿ ಆಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ದಯವಿಟ್ಟು ಕಡಿಮೆ ಮಾಡಬೇಡಿ.

ತುಂಬಾ ಜನ ಬೆಳಿಗ್ಗೆ ಬೋಟಿನಲ್ಲಿ ಬಂದು ಸಂಜೆಗೇ ಹೊರಟುಬಿಡುತ್ತಾರೆ. ಅವರು ಹೋದ ಮೇಲೆಯೇ ಊರು ಚೆನ್ನ. ದ್ವೀಪ ಚಿಕ್ಕದು, ಒಂದು ತುದಿಯಿಂದ ಇನ್ನೊಂದಕ್ಕೆ ಆಟೋದಲ್ಲಿ ಬೇಗ ಹೋಗಬಹುದು. ದಾರಿಯುದ್ದಕ್ಕೂ ಅಡಿಕೆ, ಬಾಳೆ, ತರಕಾರಿ ತೋಟ. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಬೆಳೆಸಿದ್ದು. ನಮ್ಮಮ್ಮ ಒಂದು ತೋಟದ ಬೇಲಿ ಪಕ್ಕ ನಿಂತು ಬದನೆ ಗಿಡ ನೋಡುತ್ತಾ ಅರ್ಧ ಗಂಟೆ ಕಳೆದರು!

ಭರತ್‌ಪುರ ಬೀಚ್ ಜೆಟ್ಟಿ ಹತ್ತಿರವೇ ಇದೆ. ಈಜು ಬಾರದವರೂ ಗಾಜಿನ ತಳದ ಬೋಟಿನಲ್ಲಿ ಕೂತು ಹವಳ ನೋಡಬಹುದು. ಲಕ್ಷ್ಮಣ್‌ಪುರ ಬೀಚ್‌ನಲ್ಲಿ ತಾನಾಗಿಯೇ ಆದ ಕಲ್ಲಿನ ಸೇತುವೆಗೆ ಮಾತ್ರ ಸಮುದ್ರದ ಇಳಿತದ ಹೊತ್ತು ಕೇಳಿಕೊಂಡೇ ಹೋಗಿ. ನೀರು ಸರಿದಾಗ ಬಂಡೆಗಳ ನಡುವಿನ ಸಣ್ಣ ಗುಂಡಿಗಳಲ್ಲಿ ಬೆರಳುದ್ದದ ಬಣ್ಣದ ಮೀನುಗಳು, ಕಪ್ಪಗೆ ಸುಮ್ನೆ ಬಿದ್ದಿರುವ ಸಮುದ್ರ ಸೌತೆ (ಸೀ ಕುಕುಂಬರ್) ಎಂಬ ಜೀವಿಗಳು ಕಾಣುತ್ತವೆ. ಬಂಡೆ ಜಾರುತ್ತದೆ. ಹಿರಿಯರಿಗೆ ಹಿಡಿತ ಇರುವ ಚಪ್ಪಲಿ ಬೇಕೇ ಬೇಕು, ಕೈ ಹಿಡಿದುಕೊಂಡೇ ನಡೆಸಿ. ಹವಳದ ಚೂರು ಎತ್ತಿಕೊಂಡು ಬರಬೇಡಿ, ಅದು ಕಾನೂನಿಗೆ ವಿರುದ್ಧ.

ಇನ್ನೊಂದು ಮಾತು. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ 5 ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಸೂರ್ಯಾಸ್ತ ನೋಡಬೇಕು ಅಂದರೆ 4 ಗಂಟೆಗೇ ಹೊರಡಿ. ಟಿಕೆಟ್‌ನಲ್ಲಿ ಶಹೀದ್ ದ್ವೀಪ್ ಅಂತಿದ್ದರೆ ಗಾಬರಿ ಬೇಡ, 2018ರಿಂದ ನೀಲ್‌ಗೆ ಅದೇ ಹೆಸರು. ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ.