ಬೆಂಗಳೂರು ಆಮೇಲೆ, ಮೊದಲು ಹಾಡಿಗೆ ಹೆಸರು ಹಾಕಿಸಿ

ಶಿವಮೊಗ್ಗದ ಹಾರ್ಡ್ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೀರಿ, ಹಾಡೂ ನಿಮ್ಮದೇ, ಆದರೆ ಯಾರಿಗೂ ನಿಮ್ಮ ಹೆಸರು ಗೊತ್ತಿಲ್ಲ. ಬೆಂಗಳೂರಿಗೆ ಹೋಗಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ನಾನೂ ಹಾಗೇ ಹೋದವನು.

ನಮ್ಮ ಪ್ರಾಕ್ಟೀಸು ಅಡಿಕೆ ಗೋದಾಮಿನ ಹಿಂದಿನ ಕೋಣೆಯಲ್ಲಿ. ಮೇಲೆ ತಗಡು. ಜುಲೈ ಮಳೆ ಹಿಡಿದರೆ ಡ್ರಮ್ಸ್ ಕೂಡ ಕೇಳುತ್ತಿರಲಿಲ್ಲ, ತಂತಿಗೆಲ್ಲ ತುಕ್ಕು. ಅಲ್ಲೇ ಕೂತು ಬರೆದ ಒಂದು ಹಾಡು ಬೆಂಗಳೂರಿನ ಗಾಯಕರೊಬ್ಬರಿಗೆ ಹಿಡಿಸಿತು. 2014ರಲ್ಲಿ ರಾತ್ರಿ ರೈಲು ಹತ್ತಿದೆ.

ರೆಕಾರ್ಡಿಂಗ್ ಮುಗಿದ ಮೇಲೆ 4,000 ರೂಪಾಯಿ ಕೊಟ್ಟು ವೋಚರ್ ಮುಂದಿಟ್ಟರು. ಯಾವ ಬಾಬ್ತು ಅನ್ನುವ ಜಾಗ ಖಾಲಿ ಇತ್ತು. ‘ನೀವೇ ತುಂಬಿ’ ಅಂದರು. ‘ಬೇಸ್ ನುಡಿಸಿದ್ದಕ್ಕೆ’ ಅಂತ ಬರೆದು ಸಹಿ ಹಾಕಿದೆ. ನನ್ನ ತಪ್ಪು ಇಷ್ಟೇ, ಎರಡು ಪದ. ಮೋಸ ಅಂತ ಹೇಳಲಾರೆ, ಯಾರೂ ಬಲವಂತ ಮಾಡಿರಲಿಲ್ಲ. ಸಾಹಿತ್ಯ ನನ್ನದು, ರಾಗ ನನ್ನದು ಅಂತ ಇನ್ನೊಂದು ಸಾಲು ಬರೆಯಲು ಜಾಗವೂ ಇತ್ತು, ಪೆನ್ನೂ ಕೈಯಲ್ಲೇ ಇತ್ತು. ಸಂಕೋಚ! ಹಾಡು ಬಂದಾಗ ನನ್ನ ಹೆಸರು ಬೇಸ್ ಅನ್ನುವ ಕಡೆ ಮಾತ್ರ. ಜಗಳಕ್ಕೆ ಹೋದರೆ ನನ್ನದೇ ಕೈಬರಹ ತೋರಿಸಿದರು. ಫೋನಿನಲ್ಲಿದ್ದ ಹಳೇ ರೆಕಾರ್ಡಿಂಗು ಮಳೆಗಾಲದಲ್ಲಿ ಫೋನಿನ ಜೊತೆಗೇ ಹೋಗಿತ್ತು.

ಬಾಬ್ ಡೈಸ್ಲಿ ಹೆಸರು ಕೇಳಿದ್ದೀರಾ? ಆಸ್ಟ್ರೇಲಿಯಾದ ಬೇಸ್ ವಾದಕ. ಇಂಗ್ಲೆಂಡಿನ ರಾಕ್ ಗಾಯಕ ಆಜಿ ಆಸ್ಬೋರ್ನ್ ಅವರ ಸ್ವಂತ ಹೆಸರಿನ ಮೊದಲ ಆಲ್ಬಮ್‌ಗಳಲ್ಲಿ ಹೆಚ್ಚಿನ ಸಾಹಿತ್ಯ ಅವರದೇ. 1981ರ ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’ನಲ್ಲಿ ನುಡಿಸಿದ್ದು ಅವರು, ಕವರ್ ಮೇಲೆ ಬಂದಿದ್ದು ಬೇರೆಯವರ ಹೆಸರು. 2002ರ ಮರುಮುದ್ರಣದಲ್ಲಿ ಅವರ ಬೇಸನ್ನೇ ತೆಗೆದು ಬೇರೆಯವರಿಂದ ನುಡಿಸಿದರು. 2011ರಲ್ಲಿ ಮತ್ತೆ ಹಳೆಯದು ಬಂತು. ಇಷ್ಟೆಲ್ಲ ಆದರೂ ಹಾಡು ಬರೆದವರ ಪಟ್ಟಿಯಲ್ಲಿ ಡೈಸ್ಲಿ ಇದ್ದೇ ಇದ್ದರು. ನಾನು ಉಲ್ಟಾ ಮಾಡಿಕೊಂಡೆ, ಅಳಿಸಬಹುದಾದ ಕಡೆ ಹೆಸರು ಹಾಕಿಸಿಕೊಂಡೆ.

ಹಾಗಾಗಿ ಊರು ಬಿಡೋದು ಈಗ ಪ್ರಶ್ನೆಯೇ ಅಲ್ಲ. ಸಾಹಿತ್ಯ ಯಾರದು, ರಾಗ ಯಾರದು, ಪಾಲೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಬ್ಯಾಂಡಿನವರೆಲ್ಲ ಸಹಿ ಹಾಕಿ. ಸ್ನೇಹಿತರ ಹತ್ತಿರ ಹೇಗೆ ಕೇಳೋದು ಅನ್ನಬೇಡಿ, ಸ್ನೇಹ ಇರುವಾಗಲೇ ಕೇಳಬೇಕು. ಹಾಡನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ, ತಾರೀಖು ಉಳಿಯುತ್ತದೆ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ಹಣ, ವಸೂಲಿ ಮಾಡಿ ಕೊಡುವ ಸಂಸ್ಥೆ ಐಪಿಆರ್‌ಎಸ್, ಅದರ ಸದಸ್ಯರಾಗಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯು ಹಾಡು ಬರೆದವರ ರಾಯಲ್ಟಿ ಪಾಲನ್ನು ಕಾಯುತ್ತದೆ, ಆದರೆ ಬರೆದವರು ನೀವೇ ಅಂತ ತೋರಿಸಬೇಕಲ್ವಾ?

ಹೋದ ಗಣಪತಿ ಹಬ್ಬದಲ್ಲಿ ನಮ್ಮ ಬೀದಿಯ ಆರ್ಕೆಸ್ಟ್ರಾದವರು ಅದೇ ಹಾಡು ಹಿಡಿದರು. ಬೇಸ್ ಹುಡುಗ ಎರಡನೇ ಚರಣದಲ್ಲಿ ಒಂದು ಸ್ವರ ತಪ್ಪಿದ. ಸ್ಟೇಜಿನ ಹಿಂದೆ ಹೋಗಿ ಹೇಳಿಕೊಟ್ಟು ಬಂದೆ.