ಒಂದೇ ನರಕ್ಕೆ ಹಲವು ಹೆಸರು

ಪ್ರಶ್ನೆ: ಮಧುಮೇಹವಿರುವ ನಮ್ಮ ತಂದೆಯವರಿಗೆ ಬಲಕ್ಕೆ ನೋಡಿದಾಗ ವಸ್ತುಗಳು ಎರಡೆರಡಾಗಿ ಕಾಣುತ್ತಿವೆ. ಒಬ್ಬ ವೈದ್ಯರು ‘ಸಿಕ್ಸ್ತ್ ನರ್ವ್ ಪಾಲ್ಸಿ’ ಎಂದೂ ಇನ್ನೊಬ್ಬರು ‘ಅಬ್ಡುಸೆನ್ಸ್ ಪಾಲ್ಸಿ’ ಎಂದೂ ಬರೆದಿದ್ದಾರೆ. ಇವು ಬೇರೆ ಬೇರೆ ಕಾಯಿಲೆಗಳೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ, ಎರಡೂ ಒಂದೇ. ‘ಪಾಲ್ಸಿ’ ಎಂದರೆ ನರ ದುರ್ಬಲವಾಗಿ ಅದು ನಡೆಸುವ ಸ್ನಾಯು ಸೋಲುವುದು. ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ಕಪಾಲ ನರಗಳಲ್ಲಿ ಇಲ್ಲಿ ಹೇಳಿರುವ ನರ ಆರನೆಯದು. ಅಬ್ಡುಸೆನ್ಸ್, ಅಬ್ಡುಸೆಂಟ್, ಆರನೆಯ ಕಪಾಲ ನರ, ‘ಸಿ.ಎನ್. 6’ ಎಂದು ಎಲ್ಲಿ ಕಂಡರೂ ಅದು ಇದೇ ನರ. ಕಣ್ಣುಗುಡ್ಡೆಯನ್ನು ಮೂಗಿನಿಂದ ಆಚೆಗೆ, ಕಿವಿಯ ಕಡೆಗೆ ಸೆಳೆಯುವ ‘ಲ್ಯಾಟರಲ್ ರೆಕ್ಟಸ್’ ಎಂಬ ಒಂದೇ ಸ್ನಾಯುವನ್ನು ಅದು ನಡೆಸುತ್ತದೆ. ಆದ್ದರಿಂದ ಕೆಲವರು ‘ಲ್ಯಾಟರಲ್ ರೆಕ್ಟಸ್ ಪಾಲ್ಸಿ’ ಎಂದೂ ಬರೆಯುವುದುಂಟು.

ಕಣ್ಣನ್ನು ಮೂಗಿನತ್ತ ಎಳೆಯುವ ಸ್ನಾಯು ಮೂರನೆಯ ನರದ ಅಧೀನದಲ್ಲಿದೆ. ನಾವು ಬಲಕ್ಕೆ ನೋಡಬೇಕಾದರೆ ಬಲಗಣ್ಣಿನ ಆರನೆಯ ನರವೂ ಎಡಗಣ್ಣಿನ ಮೂರನೆಯ ನರವೂ ಒಟ್ಟಿಗೆ ಕೆಲಸ ಮಾಡಬೇಕು. ಬಲಗಡೆಯ ಆರನೆಯ ನರ ದುರ್ಬಲವಾದಾಗ ಬಲಗಣ್ಣು ಮೂಗಿನ ಕಡೆಗೆ ವಾಲುತ್ತದೆ, ಎರಡು ಬಿಂಬಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ, ದೂರದ ವಸ್ತುಗಳನ್ನು ನೋಡುವಾಗ ತೊಂದರೆ ಹೆಚ್ಚುತ್ತದೆ. ಒಂದು ಕಣ್ಣು ಮುಚ್ಚಿದರೆ ಬಿಂಬ ಒಂದಾಗುತ್ತದೆ.

ಈ ನರ ಮಿದುಳುಕಾಂಡದ ‘ಪಾನ್ಸ್’ ಭಾಗದ ಕೆಳಅಂಚಿನಿಂದ ಹೊರಟು, ತಲೆಬುರುಡೆಯ ತಳದ ಮೂಳೆಯ ಮೇಲೆ ಏರಿ, ಕಣ್ಣುಗುಳಿಯವರೆಗೆ ದೀರ್ಘ ದಾರಿ ಸವೆಸುತ್ತದೆ. ಹೀಗಾಗಿ ಗೆಡ್ಡೆಯೋ ನೀರು ತುಂಬುವುದೋ ತಲೆಯೊಳಗೆ ಬೇರೆಲ್ಲೋ ಇದ್ದು ಒತ್ತಡ ಏರಿದರೂ ಈ ನರ ಸೋಲಬಹುದು; ನರ ಸೋತಿದೆಯೆಂದ ಮಾತ್ರಕ್ಕೆ ರೋಗ ಅಲ್ಲೇ ಇದೆ ಎನ್ನಲಾಗದು. ವಯಸ್ಸಾದವರಲ್ಲಿ ಮಧುಮೇಹ, ರಕ್ತದೊತ್ತಡಗಳಿಂದ ನರಕ್ಕೆ ರಕ್ತ ಪೂರೈಸುವ ಸಣ್ಣ ನಾಳಗಳು ಕೆಡುವುದೇ ಸಾಮಾನ್ಯ ಕಾರಣವಾಗಿದ್ದು, ಅಂಥವರಲ್ಲಿ ಬಹುಮಂದಿಗೆ ಸುಮಾರು 3 ತಿಂಗಳಲ್ಲಿ ದೃಷ್ಟಿ ತಾನಾಗಿ ಸರಿಹೋಗುತ್ತದೆ.

ಆದರೂ ಮಧುಮೇಹವಿದೆಯೆಂಬ ಒಂದೇ ಕಾರಣಕ್ಕೆ ಸುಮ್ಮನಿರಬೇಡಿ. ತಲೆನೋವು, ವಾಂತಿ, ಮುಖ ಸೊಟ್ಟಗಾಗುವುದು, ಕೈಕಾಲಿನ ನಿಶ್ಶಕ್ತಿ ಜೊತೆಗೂಡಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 3 ತಿಂಗಳಾದರೂ ಇಳಿಯದಿದ್ದರೆ ನರರೋಗ ತಜ್ಞರು ಮತ್ತೆ ಪರೀಕ್ಷಿಸಬೇಕು. ಸದ್ಯಕ್ಕೆ ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡಿ. ಎರಡಾಗಿ ಕಾಣುವುದು ನಿಲ್ಲುವವರೆಗೆ ತಂದೆಯವರು ವಾಹನ ಓಡಿಸುವುದು ಬೇಡ. ಓಡಾಡುವಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಬಹುದೇ ಎಂದು ಕಣ್ಣಿನ ವೈದ್ಯರನ್ನು ಕೇಳಿ.